ಕಂಪನಿ ಅಸಲಿ, ಕೊಳ್ಳುವವನು ನಕಲಿ: ವಿಜಯಪುರದ ಒಂದು ಕಂಟೇನರ್ ಒಣದ್ರಾಕ್ಷಿಯ ಪ್ರಕರಣ

ಇದು 2023ರಲ್ಲಿ ನಡೆದದ್ದು. ವಿಜಯಪುರ ಜಿಲ್ಲೆಯ ಒಂದು ಒಣದ್ರಾಕ್ಷಿ ಘಟಕ, ಅದನ್ನು ನಡೆಸುವ ಅಣ್ಣ-ತಮ್ಮ, ಇಂಗ್ಲೆಂಡಿನಿಂದ ಬಂದ ಒಂದು ಆರ್ಡರ್. ನಾನು ಇದೇ ಊರಿನಲ್ಲಿ ರಫ್ತಿನ ಕಾಗದಪತ್ರ ಮಾಡಿಕೊಡುವವನು. ಈ ವಿಷಯ ನನ್ನ ಬಳಿ ಬಂದದ್ದು ತಡವಾಗಿ, ಮಾಲು ಹಡಗು ಹತ್ತಿದ ಮೇಲೆ. ಮನೆಯವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರು, ಹಳ್ಳಿ, ಗುರುತು ಹತ್ತುವಂಥ ವಿವರ ಯಾವುದೂ ಇಲ್ಲಿಲ್ಲ. ಮೊತ್ತಗಳನ್ನು ಅಂದಾಜಿನಲ್ಲಿ ಹೇಳಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇವರು ವಿಚಾರಣೆ ಮಾಡದೆ ಸಿಕ್ಕಿಬಿದ್ದವರಲ್ಲ. ವಿಚಾರಣೆ ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು. ಆ ವಿಚಾರಣೆಯೇ ಅವರಿಗೆ ಇಲ್ಲದ ಧೈರ್ಯ ಕೊಟ್ಟಿತು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಮನೆ ಮತ್ತು ಮಾಲು

ಮನೆಗೆ ಸ್ವಂತ ದ್ರಾಕ್ಷಿ ತೋಟವಿದೆ. ಅಕ್ಕಪಕ್ಕದ ರೈತರಿಂದಲೂ ಹಣ್ಣು ಕೊಳ್ಳುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಟಾವು. ಥಾಮ್ಸನ್ ಸೀಡ್‌ಲೆಸ್ ಗೊನೆಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಸುಮಾರು 4 ಕೆಜಿ ಹಣ್ಣು ಹಾಕಿದರೆ 1 ಕೆಜಿ ಮಣೂಕ ಬರುತ್ತದೆ. ಆಮೇಲೆ ಕೋಲ್ಡ್ ಸ್ಟೋರೇಜಿಗೆ. ರೇಟು ಬಂದಾಗ ತಾಸಗಾಂವ್, ಸಾಂಗ್ಲಿ ಕಡೆಯ ವ್ಯಾಪಾರಿಗಳಿಗೆ ಮಾರಾಟ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಅಣ್ಣನವರನ್ನು ಇಲ್ಲಿ ದೊಡ್ಡವರು ಅಂತ ಕರೆಯುತ್ತೇನೆ. ಅವರದ್ದು ಒಂದು ಹಳೆಯ ಪದ್ಧತಿ. ಹೊಸ ವ್ಯಾಪಾರಿ ಉದ್ರಿ ಕೇಳಿದರೆ ಸುಮ್ನೆ ಹೂಂ ಅನ್ನುವುದಿಲ್ಲ. ತಾವೇ ಬಸ್ಸು ಹತ್ತಿ ಆ ಊರಿಗೆ ಹೋಗಿ, ಅವನ ಅಂಗಡಿಗೆ ಹೋಗದೆ ಪಕ್ಕದ ಚಹಾದಂಗಡಿಯಲ್ಲಿ ಕೂತು, ಚಹಾ ಕುಡಿಯುತ್ತಾ ಆಳು ಹೇಗೆ ಅಂತ ಕೇಳುತ್ತಾರೆ. ಈ ಚಹಾದಂಗಡಿ ನೆನಪಿಡಿ, ಮುಂದೆ ಬರುತ್ತದೆ.

ತಮ್ಮನ ಮಗ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿ ಊರಿಗೆ ಬಂದ ಹುಡುಗ, ಚುರುಕು. ರಫ್ತು ಮಾಡೋಣ ಅಂತ ಹಟ ಹಿಡಿದು ಆಮದು-ರಫ್ತಿಗೆ ಬೇಕಾದ ಐಇಸಿ ನಂಬರ್ ಮಾಡಿಸಿದ, ಕೃಷಿ ಮಾಲಿನ ರಫ್ತು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅಪೆಡಾದಲ್ಲಿ ನೋಂದಣಿ ಮಾಡಿಸಿದ, ಒಂದೆರಡು ವ್ಯಾಪಾರ ಜಾಲತಾಣಗಳಲ್ಲಿ ಘಟಕದ ಫೋಟೋ ಹಾಕಿದ. ಜುಲೈ ಕೊನೆಯಲ್ಲಿ ಒಂದು ಮೇಲ್ ಬಂತು.

ಆರ್ಡರ್

ಬರೆದವನು ಇಂಗ್ಲೆಂಡಿನ ಒಂದು ದೊಡ್ಡ ಆಹಾರ ವಿತರಣಾ ಕಂಪನಿಯ ಖರೀದಿ ಮ್ಯಾನೇಜರ್ ಅಂತ ಹೇಳಿಕೊಂಡಿದ್ದ. ಟರ್ಕಿಯಲ್ಲಿ ಈ ಸಲ ಬೆಳೆ ಕೈಕೊಟ್ಟಿದೆ, ಕ್ರಿಸ್‌ಮಸ್ ಬೇಕರಿ ಸೀಸನ್ನಿಗೆ ಮಾಲು ಬೇಕು ಅಂದ. ಈ ಮಾತಿನಲ್ಲಿ ಹುರುಳಿತ್ತು. ಬ್ರಿಟನ್ನಿಗೆ ಒಣದ್ರಾಕ್ಷಿ ಜಾಸ್ತಿ ಹೋಗುವುದು ಟರ್ಕಿಯಿಂದಲೇ, ಡಿಸೆಂಬರ್ ಅಲ್ಲಿ ಪುಡಿಂಗ್, ಕೇಕಿನ ಕಾಲ. ಮಾರುಕಟ್ಟೆ ಬಲ್ಲವನು ಬರೆದ ಮೇಲ್ ಅದು.

20 ಟನ್ನಿಗೆ ಮಾತಾಯಿತು. ಟನ್ನಿಗೆ 2,250 ಡಾಲರ್, ಅಂದರೆ ಒಟ್ಟು 45,000 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 37 ಲಕ್ಷ ರೂಪಾಯಿ. ಹುಚ್ಚು ರೇಟೇನಲ್ಲ. ಜಾಸ್ತಿ ಕೊಡುತ್ತೇನೆ ಅಂದಿದ್ದರೆ ದೊಡ್ಡವರಿಗೆ ಅಲ್ಲೇ ಡೌಟು ಬರುತ್ತಿತ್ತು. ಇವನು ಮೂರು ದಿನ ಚೌಕಾಸಿ ಮಾಡಿ ಟನ್ನಿಗೆ 20 ಡಾಲರ್ ಇಳಿಸಿದ! ಒಂದು ಪೈಸೆಯೂ ಕೊಡುವ ಮನಸ್ಸಿಲ್ಲದವನು 20 ಡಾಲರಿಗೆ ಜಗಳ ಆಡುತ್ತಾನಾ? ಆಡುತ್ತಾನೆ. ಆಡಿದ್ದರಿಂದಲೇ ಇವರು ನಂಬಿದರು.

ಹಣದ ಷರತ್ತಿನಲ್ಲಿ ಮಾತು ನಿಂತಿತು. ದೊಡ್ಡವರು ಎಲ್‌ಸಿ, ಅಂದರೆ ಹಣಕ್ಕೆ ಕೊಳ್ಳುವವನ ಬ್ಯಾಂಕೇ ಕೊಡುವ ಭರವಸೆ ಪತ್ರ ಕೇಳಿದರು, ಕನಿಷ್ಠ 20 ಪರ್ಸೆಂಟ್ ಅಡ್ವಾನ್ಸಾದರೂ ಕೊಡಿ ಅಂದರು. ಅವನು ವಿನಯದಿಂದಲೇ ಇಲ್ಲ ಅಂದ. ನಮ್ಮಲ್ಲಿ ಎಲ್ಲಾ ಸಪ್ಲೈಯರ್‌ಗಳಿಗೂ ಮಾಲು ಮುಟ್ಟಿದ 45 ದಿನಕ್ಕೆ ಪಾವತಿ, ನಾವು 1994ರಿಂದ ಇದ್ದೇವೆ, ನಮ್ಮ ಕಂಪನಿ ನಂಬರ್ ಇದು, ನೀವೇ ಸರ್ಕಾರದ ರಿಜಿಸ್ಟರ್‌ನಲ್ಲಿ ನೋಡಿಕೊಳ್ಳಿ ಅಂತ ಬರೆದ.

ಹುಡುಗ ನೋಡಿದ. ಬ್ರಿಟನ್ನಿನ ಕಂಪನೀಸ್ ಹೌಸ್ ಅಂದರೆ ಅಲ್ಲಿನ ಸರ್ಕಾರದ ಕಂಪನಿ ನೋಂದಣಿ ಕಚೇರಿ. ಅದರ ಜಾಲತಾಣದಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ಕಂಪನಿ ಯಾವಾಗ ಶುರುವಾಯಿತು, ಎಲ್ಲಿದೆ, ನಿರ್ದೇಶಕರು ಯಾರು, ವರ್ಷ ವರ್ಷದ ಲೆಕ್ಕಪತ್ರ, ಎಲ್ಲವೂ ಸಿಗುತ್ತದೆ. ಹೇಳಿದ ಕಂಪನಿ ಅಲ್ಲಿತ್ತು. 1994ರದ್ದೇ. ಕೋಟಿಗಟ್ಟಲೆ ಪೌಂಡ್ ವಹಿವಾಟು, ಲೆಕ್ಕ ಒಂದು ವರ್ಷವೂ ತಪ್ಪಿಲ್ಲ. ಪರ್ಚೇಸ್ ಆರ್ಡರ್ ಮೇಲೆ ಒಬ್ಬ ನಿರ್ದೇಶಕರ ಸಹಿ ಇತ್ತು. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಹಳೆಯ ವರ್ಷದ ಲೆಕ್ಕಪತ್ರದ ಪಿಡಿಎಫ್ ತೆರೆದು ಅಲ್ಲಿದ್ದ ಸಹಿಯ ಜೊತೆ ಹೋಲಿಸಿ ನೋಡಿದ. ಅಚ್ಚು ಹಾಕಿದ ಹಾಗೆ ಹೊಂದಿತು.

"ದೊಡ್ಡಪ್ಪಾ, ಎಲ್ಲಾ ಬರೋಬ್ಬರಿ ಐತಿ" ಅಂದ.

ಆ ಒಂದು ಮಾತಿನ ಮೇಲೆ ದೊಡ್ಡವರು ಎಲ್‌ಸಿ ಬಿಟ್ಟರು. ತಾಸಗಾಂವ್‌ನ ಒಬ್ಬ ಹಳೆಯ ವ್ಯಾಪಾರಿ ಅದೇ ಮಾಲಿಗೆ ಕೇಳಿದ್ದ, ಅವನಿಗೂ ಇಲ್ಲ ಅಂದರು. ರಟ್ಟಿನ ಡಬ್ಬಿ ಪ್ರಿಂಟ್ ಆಯಿತು, ಲ್ಯಾಬ್ ಟೆಸ್ಟ್ ಆಯಿತು, ಸೆಪ್ಟೆಂಬರ್ ಮೊದಲ ವಾರ ಕಂಟೇನರ್ ತುಂಬಿ ಸೊಲ್ಲಾಪುರ, ಪುಣೆ ಮೇಲೆ ನ್ಹಾವಾ ಶೇವಾ ಬಂದರಿಗೆ ಹೋಯಿತು. ಅಲ್ಲಿಂದ ಇಂಗ್ಲೆಂಡಿನ ಫೆಲಿಕ್ಸ್‌ಸ್ಟೋ ಬಂದರಿಗೆ ಹಡಗು ಹತ್ತಿತು.

ಗಣೇಶ ಹಬ್ಬದ ಮರುದಿನವಲ್ಲ, ಅದರ ಮರುದಿನ

ಸೆಪ್ಟೆಂಬರ್ 20, ಬುಧವಾರ. ದೊಡ್ಡವರು ಮತ್ತು ಹುಡುಗ ನನ್ನ ಆಫೀಸಿಗೆ ಬಂದರು. ಅವರಿಗೆ ಡೌಟು ಏನೂ ಇರಲಿಲ್ಲ, ಒಂದು ಕಾಗದದ ವಿಷಯ ಕೇಳಬೇಕಿತ್ತು ಅಷ್ಟೇ. ಕೊಳ್ಳುವವನು "ಟೆಲೆಕ್ಸ್ ರಿಲೀಸ್" ಮಾಡಿಸಿ ಅಂತ ಎರಡು ದಿನದಿಂದ ಮೇಲ್ ಮೇಲೆ ಮೇಲ್ ಹಾಕುತ್ತಿದ್ದ, ಹಾಗಂದರೆ ಏನು, ಹೇಗೆ ಮಾಡಿಸುವುದು ಅಂತ ಕೇಳಿದರು.

ಹಡಗು ಕಂಪನಿ ಮಾಲಿಗೆ ಕೊಡುವ ರಸೀದಿಗೆ ಬಿಲ್ ಆಫ್ ಲೇಡಿಂಗ್ ಅಂತಾರೆ. ಸಾಮಾನ್ಯವಾಗಿ 3 ಒರಿಜಿನಲ್ ಇರುತ್ತವೆ. ಅಲ್ಲಿನ ಬಂದರಿನಲ್ಲಿ ಒಂದು ಒರಿಜಿನಲ್ ತೋರಿಸಿದವನಿಗೆ ಮಾಲು ಬಿಡುತ್ತಾರೆ. ಟೆಲೆಕ್ಸ್ ರಿಲೀಸ್ ಅಂದರೆ ಆ ಒರಿಜಿನಲ್‌ಗಳನ್ನು ನಾವು ಇಲ್ಲೇ ಹಡಗು ಕಂಪನಿಗೆ ವಾಪಸ್ ಒಪ್ಪಿಸಿ, "ಅಲ್ಲಿ ಕಾಗದ ಕೇಳದೆ ಮಾಲು ಕೊಡಿ" ಅಂತ ಹೇಳಿಸುವುದು. ಹಳೆಯ ಗಿರಾಕಿಗೆ ದಿನಾಲೂ ಮಾಡುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲ ಆರ್ಡರ್, ಕೈಗೆ ಒಂದು ಡಾಲರ್ ಬಂದಿಲ್ಲ, ಮಾಲು ಸಮುದ್ರದ ಮೇಲಿದೆ, ಕೈಯಲ್ಲಿ ಉಳಿದಿರುವುದು ಆ 3 ಕಾಗದ ಮಾತ್ರ. ಅದನ್ನೂ ಕೊಡಿ ಅಂತ ಕೇಳುತ್ತಿದ್ದಾನೆ.

ನಾನು ಹುಡುಗನಿಗೆ ಕೇಳಿದೆ, "ಆ ಕಂಪನಿ ನಂಬರ್ ನಿಮಗ ಎಲ್ಲಿ ಸಿಕ್ಕಿತು?"

"ಅವರ ಮೇಲ್‌ನಾಗ ಇತ್ರೀ ಸರ್."

"ಮತ್ತ ಅವರ ಫೋನ್ ನಂಬರ್?"

"ಅದೂ ಮೇಲ್‌ನಾಗ."

ಅವನ ಮುಖ ನೋಡಿದರೆ ಗೊತ್ತಾಯಿತು, ಅರ್ಥ ಆಗಿದೆ ಅಂತ. ಸಹಿ ಹೋಲಿಸಿದ್ದನಲ್ಲ, ಆ ಸಹಿ ಇದ್ದ ಪಿಡಿಎಫ್ ಇಡೀ ಜಗತ್ತಿಗೆ ತೆರೆದಿಟ್ಟದ್ದು. ಇವನು ತಾಳೆ ನೋಡಲು ತೆರೆದ ಅದೇ ಕಾಗದವನ್ನು ಅವನು ನಕಲು ಮಾಡಲು ತೆರೆದಿದ್ದ. ಹೊಂದದೆ ಇನ್ನೇನಾಗುತ್ತದೆ?

ಆಮೇಲೆ ನಾವು ಮೂವರೂ ಕೂತು ಒಂದೊಂದೇ ನೋಡಿದೆವು. ಮೇಲ್ ವಿಳಾಸದಲ್ಲಿ ಕಂಪನಿಯ ಹೆಸರು ಸರಿಯಾಗೇ ಇತ್ತು, ಅದರ ಮುಂದೆ ಒಂದು ಅಡ್ಡಗೆರೆ, "ಗ್ರೂಪ್" ಎಂಬ ಪದ, ಕೊನೆಗೆ ಡಾಟ್ ಕಾಮ್. ಅಸಲಿ ಕಂಪನಿಯ ವಿಳಾಸ ಡಾಟ್ ಕೋ ಡಾಟ್ ಯುಕೆ. ಹುಡುಗ ಅಂದ, ಸರ್ ನಾನು ಆ ಡಾಟ್ ಕಾಮ್ ವಿಳಾಸ ಬ್ರೌಸರ್‌ನಲ್ಲಿ ಹಾಕಿ ನೋಡಿದ್ದೆ, ಕಂಪನಿಯ ವೆಬ್‌ಸೈಟೇ ತೆರೆಯಿತು. ಹೌದು, ತೆರೆಯುತ್ತದೆ. ನಕಲಿ ವಿಳಾಸಕ್ಕೆ ಬಂದವರನ್ನು ಅಸಲಿ ವೆಬ್‌ಸೈಟಿಗೆ ದಾಟಿಸುವ ಹಾಗೆ ಇಟ್ಟಿದ್ದರು. ಇದು ನಿಮಿಷದ ಕೆಲಸ. ಮೇಲಿನ ಪಟ್ಟಿಯಲ್ಲಿ ವಿಳಾಸ ಬದಲಾದದ್ದನ್ನು ಹುಡುಗ ಗಮನಿಸಿರಲಿಲ್ಲ.

ಇಂಟರ್ನೆಟ್ ವಿಳಾಸಗಳ (ಡೊಮೈನ್) ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಹುಡುಕಾಟ ಪುಟದಲ್ಲಿ ಆ ಡಾಟ್ ಕಾಮ್ ಹಾಕಿದೆವು. ನೋಂದಣಿಯಾದ ದಿನಾಂಕ ಬಂತು: ಜುಲೈ 2023. ಮೊದಲ ಮೇಲ್ ಬರುವುದಕ್ಕೆ ಸರಿಯಾಗಿ 16 ದಿನ ಮುಂಚೆ. 1994ರ ಕಂಪನಿ, 16 ದಿನದ ಮೇಲ್ ವಿಳಾಸ. ದೊಡ್ಡವರು ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು.

ಮಾಲು ಇಳಿಸಬೇಕಾದ ಗೋದಾಮಿನ ವಿಳಾಸವೂ ಅಷ್ಟೇ. ಅಸಲಿ ಕಂಪನಿ ತನ್ನ ವೆಬ್‌ಸೈಟಿನಲ್ಲಿ ತನ್ನ ಗೋದಾಮುಗಳ ಪಟ್ಟಿ ಹಾಕಿದೆ, ಇದು ಅದರಲ್ಲಿ ಇಲ್ಲ. ಮೇಲ್‌ನಲ್ಲಿದ್ದ ಫೋನ್ ನಂಬರ್ ಲಂಡನ್ನಿನ 020ರಿಂದ ಶುರುವಾಗುತ್ತಿತ್ತು. ಅದು ಕೂಡ ಸಾಕ್ಷಿಯಲ್ಲ, ಇಂಟರ್ನೆಟ್ ಫೋನ್ ಕೊಡುವವರ ಹತ್ತಿರ ಎಲ್ಲಿ ಕೂತವನೂ ಅಂಥ ನಂಬರ್ ಕೊಳ್ಳಬಹುದು.

ಉಳಿದದ್ದು ಫೋನ್. ಮಧ್ಯಾಹ್ನ 3 ಗಂಟೆಗೆ, ಅಲ್ಲಿ ಬೆಳಿಗ್ಗೆ ಹತ್ತೂವರೆ, ಅಸಲಿ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಹುಡುಗ ಫೋನ್ ಮಾಡಿದ. ಆ ಹೆಸರಿನ ಖರೀದಿ ಮ್ಯಾನೇಜರ್ ಇದ್ದಾರಾ ಅಂತ ಕೇಳಿದ. ಆ ಹೆಸರಿನವರು ಇಲ್ಲ ಅಂದರು. ಅಕೌಂಟ್ಸ್ ವಿಭಾಗಕ್ಕೆ ಕೊಟ್ಟರು. ಅಲ್ಲಿದ್ದ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಮೇಲ್ ವಿಳಾಸ ಓದಿ ಹೇಳಿ ಅಂದಳು. ಹೇಳಿದ. ಅವರಿಗೆ ಇದು ಹೊಸದಲ್ಲವಂತೆ, ಯುರೋಪಿನ ಇಬ್ಬರು ಸಪ್ಲೈಯರ್‌ಗಳು ಆಗಲೇ ಬಿಲ್ ಕಳಿಸಿ ದುಡ್ಡು ಕೇಳಿದ್ದಾರಂತೆ. ಬ್ರಿಟನ್ನಿನಲ್ಲಿ ಈ ಬಗೆಯ ಮೋಸಕ್ಕೆ ಹೆಸರೇ ಇದೆ, ಯುರೋಪಿಯನ್ ಡಿಸ್ಟ್ರಿಬ್ಯೂಷನ್ ಫ್ರಾಡ್ ಅಂತ. ದೊಡ್ಡ ಕಂಪನಿಯ ವೇಷ ಹಾಕಿ ಉದ್ರಿಗೆ ಮಾಲು ತರಿಸಿ, ಬಾಡಿಗೆ ಗೋದಾಮಿನಲ್ಲಿ ಇಳಿಸಿಕೊಂಡು ಮಾಯವಾಗುವುದು.

ಫೋನ್ ಇಟ್ಟ ಮೇಲೆ ದೊಡ್ಡವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಾಸಗಾಂವ್‌ದವನ ಬಗ್ಗೆ ಬಸ್ ಹತ್ತಿ ಹೋಗಿ ಕೇಳತೀನಿ. ಇದಕ್ಕ ಒಂದು ಫೋನ್ ಮಾಡಲಿಲ್ಲ ನೋಡ್ರಿ" ಅಂದರು.

ಮುಂದೇನು ಮಾಡುವುದು?

ಹುಡುಗನಿಗೆ ಸಿಟ್ಟು. ಈಗಲೇ ಬೈದು ಮೇಲ್ ಹಾಕುತ್ತೇನೆ ಅಂದ. ಬೇಡ ಅಂದೆವು. ಹಡಗು ಮುಟ್ಟಲು ಇನ್ನೂ 2 ವಾರವಿತ್ತು. ಅಷ್ಟರಲ್ಲಿ ಬೇರೆ ದಾರಿ ಹುಡುಕಬೇಕು, ಅಲ್ಲಿಯವರೆಗೆ ಅವನಿಗೆ ಸುಳಿವು ಕೊಡುವುದು ಬೇಡ. ಹಬ್ಬ ಇದೆ, ಬ್ಯಾಂಕ್ ರಜೆ, ಕಾಗದ ಇನ್ನೂ ಕೈಗೆ ಬಂದಿಲ್ಲ ಅಂತ ದಿನ ತಳ್ಳಿದೆವು.

ನಾಲ್ಕನೇ ದಿನ ಅವನು ಒಂದು ಪಿಡಿಎಫ್ ಕಳಿಸಿದ. ಸ್ವಿಫ್ಟ್ ಎಂಟಿ103, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸಿದ ಸಂದೇಶದ ಪ್ರತಿ. 9,000 ಡಾಲರ್, ಸರಿಯಾಗಿ 20 ಪರ್ಸೆಂಟ್. ನಿಮ್ಮ ಸಮಾಧಾನಕ್ಕೆ ಅಡ್ವಾನ್ಸ್ ಹಾಕಿದ್ದೇವೆ, ಇನ್ನಾದರೂ ರಿಲೀಸ್ ಮಾಡಿಸಿ ಅಂತ. ಇಲ್ಲಿ ದೊಡ್ಡವರು ಅಲುಗಾಡಿದರು. ಸುಳ್ಳು ಹೇಳೋನು 9,000 ಯಾಕ ಹಾಕತಾನ, ಆ ಹೆಣ್ಣುಮಗಳಿಗೆ ಗೊತ್ತಿಲ್ಲದಿರಬಹುದಲ್ಲ ಅಂದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. 37 ಲಕ್ಷ ಸಿಕ್ಕಿಹಾಕಿಕೊಂಡವರಿಗೆ ಯಾವ ಒಳ್ಳೆಯ ಸುದ್ದಿಯನ್ನಾದರೂ ನಂಬುವ ಆಸೆ ಇರುತ್ತದೆ.

ಬ್ಯಾಂಕಿಗೆ ಹೋದೆವು. ಫಾರೆಕ್ಸ್ ನೋಡುವವರು ಪಿಡಿಎಫ್ ನೋಡಿ, ಇದು ಕಾಗದ, ಹಣ ಅಲ್ಲ ಅಂದರು. ಪ್ರತಿ ಸ್ವಿಫ್ಟ್ ಪಾವತಿಗೂ ಯುಇಟಿಆರ್ ಅಂತ ಒಂದು ಗುರುತಿನ ನಂಬರ್ ಇರುತ್ತದೆ. ನಡುವಿನ ಅಡ್ಡಗೆರೆ ಸೇರಿಸಿ 36 ಅಕ್ಷರ. ಅವರು ಪೆನ್ನಿನ ತುದಿಯಿಂದ ಎಣಿಸಿದರು. 34 ಇತ್ತು. ದೊಡ್ಡವರಿಗೆ ಅದು ಸಾಕಾಯಿತು. ಡೊಮೈನ್, ದಿನಾಂಕ ಎಲ್ಲ ಅವರಿಗೆ ಗಾಳಿಮಾತಿನ ಹಾಗೆ ಕಂಡಿದ್ದವು, ಎರಡು ಅಕ್ಷರ ಕಮ್ಮಿ ಬಿದ್ದದ್ದು ಮಾತ್ರ ಕಣ್ಣಿಗೆ ಕಂಡ ಸುಳ್ಳು.

ಮಾಲು ಉಳಿದದ್ದು ನಮ್ಮ ಜಾಣತನದಿಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಮುಂಬೈಯ ಕ್ಲಿಯರಿಂಗ್ ಏಜೆಂಟ್ ತನ್ನ ರೂಢಿಯಂತೆ ಬಿಲ್ ಆಫ್ ಲೇಡಿಂಗ್ ಅನ್ನು "ಟು ಆರ್ಡರ್" ಅಂತ ಮಾಡಿಸಿದ್ದ. ಅಂದರೆ ಮಾಲು ಇಂಥವರಿಗೇ ಅಂತ ಹೆಸರು ಬರೆದಿರಲಿಲ್ಲ, ನಾವು ಬೆನ್ನಿಗೆ ಸಹಿ ಹಾಕಿ ಯಾರಿಗೆ ಬೇಕಾದರೂ ವರ್ಗ ಮಾಡಬಹುದಿತ್ತು. ಕೊಳ್ಳುವವನು ತನ್ನ ಹೆಸರಿಗೆ ಮಾಡಿಸಿ ಅಂತ ಕೇಳಿದ್ದ ಮೇಲ್ ಏಜೆಂಟ್‌ಗೆ ತಲುಪಿರಲೇ ಇಲ್ಲ. ಅದೃಷ್ಟ, ಅಲ್ವಾ?

ಮಾಲನ್ನು ವಾಪಸ್ ತರಿಸುವುದಾ, ಅಲ್ಲೇ ಬೇರೆಯವರಿಗೆ ಮಾರುವುದಾ? ಹೋಗಿಬರುವ ಬಾಡಿಗೆ ಲೆಕ್ಕ ಹಾಕಿದರೆ ವಾಪಸ್ ತರಿಸುವುದು ದಡ್ಡತನ. ಹಡಗು ಏಜೆಂಟರ ಮೂಲಕ ಅಲ್ಲೇ ಒಬ್ಬ ಕೊಳ್ಳುವವನು ಸಿಕ್ಕ. ಬೇಕರಿಗಳಿಗೆ ಮಾಲು ಕೊಡುವ ಸಣ್ಣ ಕಂಪನಿ. ತೊಂದರೆಯಲ್ಲಿದ್ದೇವೆ ಅಂತ ಗೊತ್ತಾಗಿ ಬೆಲೆ 14 ಪರ್ಸೆಂಟ್ ಕೆಳಗೆ ಕೇಳಿದ. ಬ್ಯಾಂಕಿನವರು ಆಗಿನ ರಿಸರ್ವ್ ಬ್ಯಾಂಕ್ ನಿಯಮ ಹೇಳಿದರು: ಮೊದಲಿನವನು ಕೈಕೊಟ್ಟಾಗ ಮಾಲನ್ನು ಬೇರೆ ಗಿರಾಕಿಗೆ ತಿರುಗಿಸಬಹುದು, ಬಿಲ್ಲಿನ ಮೊತ್ತ 25 ಪರ್ಸೆಂಟಿಗಿಂತ ಹೆಚ್ಚು ಇಳಿಯಬಾರದು, ಹಣ ಅವಧಿಯೊಳಗೆ ಬರಬೇಕು, ಆಗ ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿ ಬೇಡ. 14ಕ್ಕೆ ಒಪ್ಪಿದೆವು.

ಈ ಸಲ ಡಿಪಿ. ಕಾಗದ ನಮ್ಮ ಬ್ಯಾಂಕಿನಿಂದ ಅವರ ಬ್ಯಾಂಕಿಗೆ, ಅವರು ದುಡ್ಡು ಕಟ್ಟಿದ ಮೇಲೆಯೇ ಕಾಗದ ಕೈಗೆ. ಅಕ್ಟೋಬರ್ ಎರಡನೇ ವಾರ ಹಣ ಬಂತು. ಬೆಲೆಯಲ್ಲಿ ಹೋದದ್ದು ಸುಮಾರು 5 ಲಕ್ಷ 20 ಸಾವಿರ, ಬಂದರಿನಲ್ಲಿ ಕಂಟೇನರ್ ನಿಂತ ದಂಡ, ಕೊರಿಯರ್, ಹೊಸ ಕಾಗದ ಸೇರಿ ಇನ್ನೊಂದು ಒಂದೂವರೆ ಲಕ್ಷ. ಹುಡುಗ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಟ್ಟ. ಅದು ದೂರಾಗಿಯೇ ಉಳಿದಿದೆ.

ತಪ್ಪಿದ್ದು ಎಲ್ಲಿ?

ಹುಡುಗ ಕೇಳಿದ ಪ್ರಶ್ನೆ "ಈ ಕಂಪನಿ ಇದೆಯಾ?" ಉತ್ತರ ಹೌದು, ಅದು ನಿಜವೂ ಹೌದು. ಕೇಳಬೇಕಿದ್ದ ಪ್ರಶ್ನೆ "ನನ್ನ ಜೊತೆ ಮಾತಾಡುತ್ತಿರುವವನು ಈ ಕಂಪನಿಯವನಾ?" ಇದಕ್ಕೆ ಯಾವ ದೇಶದ ರಿಜಿಸ್ಟರೂ ಉತ್ತರ ಹೇಳುವುದಿಲ್ಲ. ಸಣ್ಣ, ಹೊಸ ಕಂಪನಿಯ ಹೆಸರಿನಲ್ಲಿ ಬಂದಿದ್ದರೆ ಇವರು ಹೆದರಿ ಎಲ್‌ಸಿ ಬಿಡುತ್ತಿರಲಿಲ್ಲ. ಕಂಪನಿ ಎಷ್ಟು ಒಳ್ಳೆಯದೋ ಅದರ ವೇಷಕ್ಕೆ ಅಷ್ಟು ಬೆಲೆ.

ಅದಕ್ಕೇ ಈಗ ನಾನು ಯಾರೇ ಬಂದರೂ ಮೊದಲು ಒಂದೇ ಕೆಲಸ ಹೇಳುತ್ತೇನೆ. ಅವನು ಕೊಟ್ಟ ನಂಬರ್, ಅವನು ಕೊಟ್ಟ ಲಿಂಕ್, ಅವನು ಕೊಟ್ಟ ವಿಳಾಸ ಎಲ್ಲ ಪಕ್ಕಕ್ಕಿಡಿ. ಕಂಪನಿಯ ನಂಬರ್ ನೀವೇ ಬೇರೆ ಕಡೆಯಿಂದ ಹುಡುಕಿ, ಆ ನಂಬರಿಗೆ ಫೋನ್ ಮಾಡಿ ಈ ಆಳು ನಿಮ್ಮವನಾ ಅಂತ ಕೇಳಿ. ದೊಡ್ಡವರ ಚಹಾದಂಗಡಿ ಇದೇ. ವ್ಯಾಪಾರಿಯನ್ನೇ ಕೇಳಿದರೆ ಅವನು ತನ್ನನ್ನು ಹೊಗಳಿಕೊಳ್ಳುತ್ತಾನೆ, ಪಕ್ಕದವನನ್ನು ಕೇಳಬೇಕು.

ಇಸಿಜಿಸಿ ವಿಮೆ ಇದ್ದಿದ್ದರೆ ಅಂತ ಕೆಲವರು ಕೇಳಿದರು. 1957ರಿಂದ ಇರುವ ಸರ್ಕಾರಿ ಸಂಸ್ಥೆ ಅದು, ವಿದೇಶಿ ಗಿರಾಕಿ ದುಡ್ಡು ಕೊಡದಿದ್ದರೆ ರಫ್ತುದಾರನಿಗೆ ರಕ್ಷಣೆ ಕೊಡುತ್ತದೆ, ಗಿರಾಕಿಯ ಯೋಗ್ಯತೆಯನ್ನೂ ನೋಡುತ್ತದೆ. ಮಾಡಿಸಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರಕರಣದಲ್ಲಿ ಯೋಚನೆ ಮಾಡಿ: ಅಸಲಿ ಕಂಪನಿಯ ಹೆಸರು ಕೊಟ್ಟರೆ ಅದಕ್ಕೆ ಕೊಡುವ ಉದ್ರಿಯ ಮೇಲೆ ವಿಮೆಯ ಮಿತಿ ಸಲೀಸಾಗಿ ಸಿಗಬಹುದಿತ್ತು, ಏಕೆಂದರೆ ಕಂಪನಿ ಗಟ್ಟಿ. ಆಮೇಲೆ ಆ ಕಂಪನಿ "ನಾವು ಆರ್ಡರೇ ಕೊಟ್ಟಿಲ್ಲ" ಅಂದಾಗ ಅವರ ಮೇಲೆ ಬಾಕಿಯೇ ಇಲ್ಲವಲ್ಲ, ಕ್ಲೇಮ್ ಹೇಗೆ ನಿಲ್ಲುತ್ತದೆ?

ದುಬೈ ವ್ಯಾಪಾರ ಮಾಡುವವರಿಗೂ ಒಂದು ಮಾತು. ನಮ್ಮ ಕಡೆ ಇನ್ನೂ ಕೆಲವರು ಅಲ್ಲಿನ ಮುಂದಿನ ತಾರೀಕಿನ ಚೆಕ್ ಅಂದರೆ ಬಂಗಾರ ಅನ್ನುತ್ತಾರೆ, ಬೌನ್ಸ್ ಆದರೆ ಜೈಲು ಅಂತ. 2022ರ ಜನವರಿಯಿಂದ ಅಲ್ಲಿ ಕಾನೂನು ಬದಲಾಗಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾಗುವುದು ಈಗ ಬಹುಪಾಲು ಸಿವಿಲ್ ವಸೂಲಿಯ ವಿಷಯ. ಹಳೆಯ ಧೈರ್ಯದ ಮೇಲೆ ಹೊಸ ಉದ್ರಿ ಕೊಡಬೇಡಿ.

ಆ ಎರಡನೇ ಕೊಳ್ಳುವವನ ಕಥೆ ಒಂದು ಉಳಿಯಿತು. ಅವನನ್ನು ನಾವು ಎಲ್ಲ ರೀತಿಯಲ್ಲೂ ಜಾಲಾಡಿದೆವು. ರಿಜಿಸ್ಟರ್, ಡೊಮೈನಿನ ವಯಸ್ಸು, ಬೇರೆ ಕಡೆಯಿಂದ ಹುಡುಕಿದ ಫೋನ್ ನಂಬರ್, ಎಲ್ಲ. ಎಲ್ಲ ಸರಿ ಬಂತು. ಒಪ್ಪಂದಕ್ಕೆ ಸಹಿ ಆಗುವ ದಿನ ಅವನೇ ತಡೆದ. ಯಾಕೆ ಅಂದರೆ ಅವನೂ ಇವರ ಬಗ್ಗೆ ವಿಚಾರಿಸಿದ್ದ. ಹುಡುಗ ಕೊಟ್ಟ ಮೊಬೈಲ್ ನಂಬರ್ ಬಿಟ್ಟು, ಹಳೆಯ ಪಟ್ಟಿಯೊಂದರಲ್ಲಿ ಇವರ ಘಟಕದ ಲ್ಯಾಂಡ್‌ಲೈನ್ ಹುಡುಕಿ ಎರಡು ದಿನ ಫೋನ್ ಮಾಡಿದ್ದನಂತೆ. ಆ ಲೈನನ್ನು ದೊಡ್ಡವರು 2021ರಲ್ಲೇ ತೆಗೆಸಿದ್ದರು. ಕೊನೆಗೆ ನಮ್ಮ ಬ್ಯಾಂಕಿನಿಂದ ಅವನ ಬ್ಯಾಂಕಿಗೆ ಒಂದು ಪತ್ರ ಹೋಗಿ ವ್ಯವಹಾರ ಮುಗಿಯಿತು. ದೀಪಾವಳಿ ಹೊತ್ತಿಗೆ ಘಟಕದಲ್ಲಿ ಮತ್ತೆ ಲ್ಯಾಂಡ್‌ಲೈನ್ ಬಂದಿತ್ತು. ದೊಡ್ಡವರೇ ಎತ್ತುತ್ತಾರೆ.